ಟ್ರ್ಯಾಪ್ ಶೂಟಿಂಗ್‌ನ ಟಾರ್ಗೆಟ್ ತಕರಾರು: ದೋಷ ಯಂತ್ರದಲ್ಲೋ, ಅಳತೆಯಲ್ಲೋ, ನಿಯಮ ಪಾಲನೆಯಲ್ಲೋ?

ಯಂತ್ರ ಗಾಳಿಗೆ ಎಸೆಯುವ ತಟ್ಟೆಯಾಕಾರದ ಟಾರ್ಗೆಟ್ ಅನ್ನು ಕೋವಿಯಿಂದ ಒಡೆಯುವ ಕ್ರೀಡೆಯೇ ಟ್ರ್ಯಾಪ್ ಶೂಟಿಂಗ್. ಪಂದ್ಯದ ನಡುವೆ ಯಾರಾದರೂ "ಟಾರ್ಗೆಟ್ ನಿಯಮದ ಪ್ರಕಾರ ಬರುತ್ತಿಲ್ಲ" ಎಂದರೆ, ಆ ಒಂದು ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳಲ್ಲಿ ಯಾವುದಾದರೂ ಇರಬಹುದು. ಯಂತ್ರದ ಸ್ಪ್ರಿಂಗ್ ಸಡಿಲಗೊಂಡಿರಬಹುದು. ಸ್ಪ್ರಿಂಗ್ ಸರಿಯಿದ್ದು ಯಂತ್ರದ ಮಧ್ಯರೇಖೆ ಒಂದು ಬದಿಗೆ ಸರಿದಿರಬಹುದು. ಎರಡೂ ಸರಿಯಿದ್ದು ಕೋನದ ಮಿತಿ ತೋರಿಸುವ ಗಡಿಗೂಟ ನೆಟ್ಟವರು ತಪ್ಪು ಜಾಗದಿಂದ ಅಳೆದಿರಬಹುದು. ಎಲ್ಲವೂ ಸರಿಯಿದ್ದು ಗಾಳಿ ದಿಕ್ಕು ಬದಲಿಸಿರಬಹುದು. ಇಲ್ಲವೇ ಟಾರ್ಗೆಟ್ ಸುಲಭವಾಗಲೆಂದು ಬೇಕೆಂದೇ ಹಾಗೆ ಹೊಂದಿಸಿರಬಹುದು. ಇವುಗಳಲ್ಲಿ ಕೊನೆಯದು ಮಾತ್ರ ವ್ಯಕ್ತಿಯ ನಡತೆಗೆ ಸೇರಿದ ಪ್ರಶ್ನೆ. ಆದರೂ ಜಗಳ ಬಹುತೇಕ ಅಲ್ಲಿಂದಲೇ ಶುರುವಾಗುತ್ತದೆ, ಮತ್ತು ಹಾಗೆ ಶುರುವಾದ ಮೇಲೆ ಅಳತೆ ಪಟ್ಟಿಯನ್ನು ಯಾರು ಹಿಡಿದರೂ ಅವರನ್ನು ಒಂದು ಪಕ್ಷದವರೆಂದೇ ಎಣಿಸಲಾಗುತ್ತದೆ. ಆದ್ದರಿಂದ ಈ ಕೈಪಿಡಿ ಮೊದಲು ಅಳತೆಯನ್ನು, ಆಮೇಲೆ ನಿಯಮವನ್ನು, ಎಲ್ಲಕ್ಕೂ ಕೊನೆಗೆ ಉದ್ದೇಶವನ್ನು ಪರಿಶೀಲಿಸುವ ಕ್ರಮವನ್ನು ಅನುಸರಿಸುತ್ತದೆ.

ಇಲ್ಲಿ ಚರ್ಚಿಸುತ್ತಿರುವುದು ಅಮೆರಿಕದ ಅಮೆಚೂರ್ ಟ್ರ್ಯಾಪ್‌ಶೂಟಿಂಗ್ ಅಸೋಸಿಯೇಷನ್, ಅಂದರೆ ಎಟಿಎ ನಿಯಮಗಳಡಿ ನಡೆಯುವ ಪಂದ್ಯಗಳನ್ನು. ಅದರಲ್ಲೂ ಮುಖ್ಯವಾಗಿ ಯಂತ್ರದಿಂದ 16 ಗಜ ಹಿಂದೆ ನಿಂತು ಒಂದೊಂದೇ ಟಾರ್ಗೆಟ್‌ಗೆ ಹಾರಿಸುವ ಸಿಂಗಲ್ಸ್ ಮತ್ತು ಸಾಮರ್ಥ್ಯಕ್ಕೆ ತಕ್ಕಂತೆ ಶೂಟರ್‌ಗಳನ್ನು ಇನ್ನೂ ಹಿಂದೆ ನಿಲ್ಲಿಸುವ ಹ್ಯಾಂಡಿಕ್ಯಾಪ್ ಸ್ಪರ್ಧೆಗಳನ್ನು. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಕಂದಕದೊಳಗೆ 15 ಯಂತ್ರಗಳಿರುತ್ತವೆ, ಪ್ರತಿಯೊಂದೂ ನಿಗದಿತ ಕೋಷ್ಟಕದಲ್ಲಿ ಹೇಳಿದ ಒಂದೇ ಕೋನ ಮತ್ತು ಒಂದೇ ಎತ್ತರದಲ್ಲಿ ಟಾರ್ಗೆಟ್ ಎಸೆಯುತ್ತದೆ, ಮತ್ತು ಸ್ಪರ್ಧೆಗೆ ಮುನ್ನ ತೀರ್ಪುಗಾರರ ಮಂಡಳಿ ಅದನ್ನು ಪರೀಕ್ಷಿಸಿ ಮುದ್ರೆ ಹಾಕುತ್ತದೆ. ಅಲ್ಲಿ ತಕರಾರು ಬಂದರೆ ಕೋಷ್ಟಕದ ಒಂದು ಅಂಕಿಯೊಂದಿಗೆ ಹೋಲಿಸಿ ನೋಡಬಹುದು. ಎಟಿಎ ಮೈದಾನದಲ್ಲಿ ಹಾಗಲ್ಲ. ಒಂದೇ ಯಂತ್ರ ಎಡಕ್ಕೂ ಬಲಕ್ಕೂ ತೂಗಾಡುತ್ತಾ, ಅದರ ಹಿಂದೆ ಎಡದಿಂದ ಬಲಕ್ಕೆ 1ರಿಂದ 5ರವರೆಗಿನ ಪೋಸ್ಟ್‌ಗಳಲ್ಲಿ (ನಿಲ್ಲುವ ಜಾಗಗಳಲ್ಲಿ) ನಿಂತ ಐವರು ಶೂಟರ್‌ಗಳ ತಂಡಕ್ಕೆ, ಅಂದರೆ ಸ್ಕ್ವಾಡ್‌ಗೆ, ಟಾರ್ಗೆಟ್ ಎಸೆಯುತ್ತದೆ. ಅಂದರೆ ನಿಯಮ ಕಟ್ಟಿಹಾಕುವುದು ಒಂದು ಬಿಂದುವನ್ನಲ್ಲ, ಒಂದು ವ್ಯಾಪ್ತಿಯನ್ನು. ಒಂದೇ ಒಂದು ಟಾರ್ಗೆಟ್ ನೋಡಿ "ಸರಿ" ಅಥವಾ "ತಪ್ಪು" ಎನ್ನಲು ಸಾಧ್ಯವಾಗದಿರುವುದಕ್ಕೆ ಕಾರಣ ಇದೇ.

ನಿಯಮ ಏನನ್ನು ಕೇಳುತ್ತದೆ

ಸಿಂಗಲ್ಸ್ ಟಾರ್ಗೆಟ್ ಗಾಳಿಯಿಲ್ಲದ ಹೊತ್ತಿನಲ್ಲಿ, ಸಮತಟ್ಟು ನೆಲದ ಮೇಲೆ 49 ಗಜಕ್ಕಿಂತ ಕಡಿಮೆಯಿಲ್ಲದಂತೆ, 51 ಗಜ ಮೀರದಂತೆ ಹೋಗಿ ಬೀಳಬೇಕು. ಟ್ರ್ಯಾಪ್‌ನಿಂದ, ಅಂದರೆ ಎಸೆಯುವ ಯಂತ್ರದಿಂದ, 10 ಗಜ ದೂರದಲ್ಲಿ ಅದರ ಎತ್ತರ 8ರಿಂದ 10 ಅಡಿಯೊಳಗಿರಬೇಕು; ಶಿಫಾರಸು ಮಾಡಿದ ಎತ್ತರ 9 ಅಡಿ. ಈ ಎತ್ತರವನ್ನು ಲೆಕ್ಕ ಹಾಕುವುದು ಕಂಬದ ಬುಡದ ನೆಲದಿಂದಲ್ಲ, 3ನೇ ಪೋಸ್ಟ್ ಮತ್ತು ಟ್ರ್ಯಾಪ್ ಮೂಲಕ ಎಳೆದ ಕಾಲ್ಪನಿಕ ಸಮತಲ ರೇಖೆಯಿಂದ. ಕೋನದ ವಿಷಯದಲ್ಲಿ ಯಂತ್ರದ ಸಹಜ ತೂಗಾಟದೊಳಗೆ ಟಾರ್ಗೆಟ್ ಮಧ್ಯರೇಖೆಯಿಂದ ಬಲಕ್ಕೆ ಕನಿಷ್ಠ 17 ಡಿಗ್ರಿ, ಎಡಕ್ಕೆ ಕನಿಷ್ಠ 17 ಡಿಗ್ರಿ ಹೋಗಬೇಕು. ದೂರ ಅಳೆಯಲು ನೆಲ ಅನುಕೂಲವಾಗಿಲ್ಲದ ಕಡೆ ರಾಡಾರ್ ಗನ್ ಬಳಸುವ ರೂಢಿಯಿದೆ. ಸಿಂಗಲ್ಸ್‌ಗೆ ಗಂಟೆಗೆ 42 ಮೈಲಿ ಎಂಬುದು ಎಲ್ಲರಿಗೂ ಗೊತ್ತಿರುವ ಅಂಕಿ. ನಿಯಮ ಪುಸ್ತಕ ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಚಾಲ್ತಿಯಲ್ಲಿರುವ ಆವೃತ್ತಿ ಮೈದಾನದ ಕಚೇರಿಯಲ್ಲಿ ಇರಲೇಬೇಕು. ಹಳೆಯ ಆವೃತ್ತಿಯ ನೆನಪಿನ ಮೇಲೆ ವಾದಿಸುವವರು ಎರಡೂ ಕಡೆ ಇರುತ್ತಾರೆ.

ಈ ಅಂಕಿಗಳಲ್ಲಿ ಜಗಳಕ್ಕೆ ಹೆಚ್ಚು ಎಡೆಮಾಡುವುದು ಕೋನ. ಹಳೆಯ ಯಂತ್ರಗಳಲ್ಲಿ ತೂಗಾಟದ ಅಗಲವನ್ನು ಒಂದು ತೋಳನ್ನು ಯಾವ ರಂಧ್ರಕ್ಕೆ ಜೋಡಿಸಲಾಗಿದೆ ಎಂಬುದು ನಿರ್ಧರಿಸುತ್ತಿತ್ತು. ಅದರಿಂದಲೇ "ಎರಡನೇ ರಂಧ್ರದ ಟಾರ್ಗೆಟ್", "ಮೂರನೇ ರಂಧ್ರದ ಟಾರ್ಗೆಟ್" ಎಂಬ ಮಾತುಗಳು ಬಳಕೆಗೆ ಬಂದವು. ಎರಡನೇ ರಂಧ್ರ ಎಂದರೆ ಸುಮಾರು 17 ಡಿಗ್ರಿ, ಮೂರನೆಯದೆಂದರೆ ಸುಮಾರು 22 ಡಿಗ್ರಿ. ನಿಯಮ ಈಗ ಕೇಳುವುದು ಕಿರಿದಾದುದನ್ನು, ಅದೂ ಕನಿಷ್ಠ ಮಿತಿಯಾಗಿ. ಹೀಗಾಗಿ 20 ಡಿಗ್ರಿಯಲ್ಲಿ ಬರುವ ಟಾರ್ಗೆಟ್ ಕಠಿಣವೆನಿಸಿದರೂ ಆ ಕಾರಣಕ್ಕೇ ಅದು ನಿಯಮಬಾಹಿರವಾಗುವುದಿಲ್ಲ. 15 ಡಿಗ್ರಿಯಲ್ಲಿ ನಿಲ್ಲುವ ಟಾರ್ಗೆಟ್ ಎಲ್ಲರಿಗೂ ಹಿತವಾಗಿದ್ದರೂ ನಿಯಮಬಾಹಿರವೇ. ದೂರು ಬಂದಾಗ ಮೊದಲು ಬೇರ್ಪಡಿಸಬೇಕಾದ ಎರಡು ಸಂಗತಿಗಳು ಇವೇ: ಟಾರ್ಗೆಟ್ ಮಿತಿಯ ಹೊರಗಿದೆಯೇ, ಅಥವಾ ಮಿತಿಯೊಳಗಿದ್ದು ದೂರುದಾರರಿಗೆ ಒಗ್ಗಿದ್ದಕ್ಕಿಂತ ಬೇರೆಯಾಗಿದೆಯೇ? ಎರಡನೆಯದು ದೋಷವಲ್ಲ, ಮತ್ತು ಅದನ್ನು ದೋಷವೆಂದು ತಿಳಿದು ಪಂದ್ಯದ ನಡುವೆ ಯಂತ್ರಕ್ಕೆ ಕೈ ಹಾಕಿದರೆ ನಿಜವಾದ ದೋಷ ಅಲ್ಲಿಂದ ಹುಟ್ಟುತ್ತದೆ.

ಯಂತ್ರ ಮುಟ್ಟುವ ಮೊದಲು

ಸ್ಕ್ವಾಡ್ ನಿಲ್ಲಬೇಕು, ಎಲ್ಲ ಕೋವಿಗಳ ಬ್ರೀಚ್ (ತೋಟಾ ತುಂಬುವ ಭಾಗ) ತೆರೆದು ಖಾಲಿಯಾಗಿರಬೇಕು, ಮತ್ತು ಯಂತ್ರವಿರುವ ಗೂಡಾದ ಟ್ರ್ಯಾಪ್ ಹೌಸ್ ಒಳಗೆ ವ್ಯಕ್ತಿ ಇದ್ದಾರೆಂಬುದನ್ನು ತೋರಿಸುವ ಬಾವುಟ ಅಥವಾ ಶಂಕು ಮೇಲೆ ಕಾಣುವಂತಿರಬೇಕು. ವಿದ್ಯುತ್ ಕಡಿತಗೊಳಿಸಿದ ಮಾತ್ರಕ್ಕೆ ಯಂತ್ರ ಸುರಕ್ಷಿತವಾಗುವುದಿಲ್ಲ: ಎಸೆತಕ್ಕೆ ಸಿದ್ಧವಾಗಿ ನಿಂತಿರುವ ತೋಳಿನಲ್ಲಿ ಸ್ಪ್ರಿಂಗ್‌ನ ಪೂರ್ತಿ ಶಕ್ತಿ ತುಂಬಿರುತ್ತದೆ, ಒಂದು ಸಣ್ಣ ತಟ್ಟುವಿಕೆಗೂ ಅದು ಬಿಡುಗಡೆಯಾಗಬಹುದು, ಮತ್ತು ಅದರ ಹೊಡೆತ ಮೂಳೆ ಮುರಿಯಬಲ್ಲದು. ತಯಾರಕರು ಹೇಳಿದ ವಿಧಾನದಲ್ಲಿ ತೋಳನ್ನು ಬಿಡುಗಡೆ ಮಾಡಿದ ನಂತರವೇ ಒಳಗೆ ಕೈ ಚಾಚಬೇಕು. ತಕರಾರಿನ ಕಾವಿನಲ್ಲಿ ಜನ ಮರೆಯುವುದು ಇದನ್ನೇ ಆದ್ದರಿಂದ, ಒಬ್ಬರಿಗೆ ಈ ಒಂದೇ ಹೊಣೆಯನ್ನು ವಹಿಸುವುದು ಒಳ್ಳೆಯದು.

ಆಮೇಲೆ ದೂರನ್ನು ದೂರುದಾರರ ಮಾತಿನಲ್ಲೇ ಬರೆದುಕೊಳ್ಳಬೇಕು. ಯಾವ ಮೈದಾನ, ಯಾವ ಪೋಸ್ಟ್, ಎಡವೋ ಬಲವೋ ನೇರವೋ, ಎತ್ತರವೋ ವೇಗವೋ, ಪ್ರತಿ ಟಾರ್ಗೆಟ್‌ಗೂ ಹಾಗೆಯೋ ಆಗಾಗಲೋ, ಗಾಳಿ ಯಾವ ಕಡೆಯಿಂದ? "ಟಾರ್ಗೆಟ್ ಕೆಟ್ಟಿದೆ" ಎಂಬ ದೂರಿನಿಂದ ಏನನ್ನೂ ಪತ್ತೆ ಮಾಡಲಾಗದು. "5ನೇ ಪೋಸ್ಟ್‌ನಲ್ಲಿ ಬಲದ ಟಾರ್ಗೆಟ್ ಮಾತ್ರ ಅಗಲವಾಗಿ ಓಡುತ್ತಿದೆ, 1ನೇ ಪೋಸ್ಟ್‌ನಲ್ಲಿ ಎಡದ್ದು ಸುಲಭವಾಗಿದೆ" ಎಂಬ ದೂರಿನಲ್ಲಿ ಅರ್ಧ ಪರಿಹಾರ ಆಗಲೇ ಇದೆ.

ಕೋನದ ದೂರು

ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು ಎಂದರೆ ತೂಗಾಟದ ಅಗಲ ಸರಿಯಿದ್ದು ಮಧ್ಯರೇಖೆ ಸರಿದಿದೆ ಎಂದೇ ಮೊದಲು ಊಹಿಸಬೇಕು. ಮಧ್ಯ ಕೇವಲ 3 ಡಿಗ್ರಿ ಬಲಕ್ಕೆ ಸರಿದರೂ ಬಲದ ಕೊನೆ 20 ಡಿಗ್ರಿಗೂ ಎಡದ ಕೊನೆ 14 ಡಿಗ್ರಿಗೂ ಬರುತ್ತದೆ. ಒಟ್ಟು 34 ಡಿಗ್ರಿ ಹಾಗೆಯೇ ಉಳಿದಿರುವುದರಿಂದ "ಅಳೆದು ನೋಡಿದೆವು, ಸರಿಯಿದೆ" ಎಂದು ಯಂತ್ರ ಹೊಂದಿಸಿದವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ನಿಯಮ ಕೇಳುವುದು ಒಟ್ಟು ಅಗಲವನ್ನಲ್ಲ, ಎರಡೂ ಬದಿಗೆ ಪ್ರತ್ಯೇಕವಾಗಿ 17 ಡಿಗ್ರಿಯನ್ನು. ಈ ಯಂತ್ರ ಎಡಬದಿಯಲ್ಲಿ ನಿಯಮಬಾಹಿರ. ನನ್ನ ಅಭಿಪ್ರಾಯದಲ್ಲಿ ಎರಡೂ ಪಕ್ಷಗಳು ಏಕಕಾಲಕ್ಕೆ ಸತ್ಯ ಹೇಳುತ್ತಿರುವ ತಕರಾರುಗಳಲ್ಲಿ ಇದೇ ಅತಿ ಸಾಮಾನ್ಯವಾದುದು, ಹಾಗಾಗಿ ಪರಿಶೀಲನೆ ಇಲ್ಲಿಂದ ಆರಂಭವಾಗಬೇಕು.

ಅಳತೆಗೆ ಮೊದಲು ಪೋಸ್ಟ್‌ಗಳ ರೇಖಾಗಣಿತವೇ ಒಂದು ಸುಳಿವು ಕೊಡುತ್ತದೆ. ಪೋಸ್ಟ್‌ಗಳು 16 ಗಜದ ವೃತ್ತಖಂಡದ ಮೇಲೆ 3 ಗಜ ಅಂತರದಲ್ಲಿ ಇರುವುದರಿಂದ 1ನೇ ಮತ್ತು 5ನೇ ಪೋಸ್ಟ್‌ಗಳು ಮಧ್ಯರೇಖೆಯಿಂದ ಸುಮಾರು 21.5 ಡಿಗ್ರಿ ಸರಿದಿರುತ್ತವೆ. 1ನೇ ಪೋಸ್ಟ್‌ನಲ್ಲಿ ನಿಂತವರ ದೃಷ್ಟಿರೇಖೆ ಟ್ರ್ಯಾಪ್ ದಾಟಿ ಬಲಕ್ಕೆ 21.5 ಡಿಗ್ರಿಯಲ್ಲಿ ಮುಂದುವರಿಯುತ್ತದೆ. ಯಂತ್ರ 17 ಡಿಗ್ರಿಗೆ ಹೊಂದಿಕೊಂಡಿದ್ದರೆ ಬಲದ ಕಟ್ಟಕಡೆಯ ಟಾರ್ಗೆಟ್ ಕೂಡ ಅವರಿಗೆ ತುಸು ಎಡಕ್ಕೆ ಹೋದಂತೆಯೇ ಕಾಣಬೇಕು. 22 ಡಿಗ್ರಿಗೆ ಹೊಂದಿಕೊಂಡಿದ್ದರೆ ಅದು ಹೆಚ್ಚು ಕಡಿಮೆ ನೇರವಾಗಿ ಕಾಣುತ್ತದೆ. 1ನೇ ಪೋಸ್ಟ್‌ನವರು "ನನಗೆ ಟಾರ್ಗೆಟ್ ಸ್ಪಷ್ಟವಾಗಿ ಬಲಕ್ಕೆ ತಿರುಗುತ್ತಿದೆ" ಎಂದರೆ, ಗಾಳಿಯ ಕೆಲಸವಲ್ಲವೆಂದು ಖಚಿತವಾದ ಮೇಲೆ, ಆ ಬದಿಯ ಕೋನ 22 ಡಿಗ್ರಿಯನ್ನು ದಾಟಿದೆ ಎಂದು ಅರ್ಥ. ಅದೇ ಹೊತ್ತಿಗೆ 5ನೇ ಪೋಸ್ಟ್‌ನವರನ್ನು ಎಡದ ಟಾರ್ಗೆಟ್ ಬಗ್ಗೆ ಕೇಳಬೇಕು. ಅವರಿಗೂ ಟಾರ್ಗೆಟ್ ದೃಷ್ಟಿರೇಖೆ ದಾಟಿ ಎಡಕ್ಕೆ ಹೋಗುತ್ತಿದ್ದರೆ ತೂಗಾಟ ಅಗಲವಾಗಿದೆ. ಅವರಿಗೆ ಎಡದ ಕೊನೆಯೂ ಚೆನ್ನಾಗಿ ಬಲದಲ್ಲೇ ಉಳಿದಿದ್ದರೆ ಮಧ್ಯ ಸರಿದಿದೆ.

ಖಚಿತಪಡಿಸಿಕೊಳ್ಳಲು ತೂಗಾಟವನ್ನು ಒಂದು ಕೊನೆಯಲ್ಲಿ ನಿಲ್ಲಿಸಿ, ಕೆಲವು ಟಾರ್ಗೆಟ್‌ಗಳನ್ನು ಎಸೆದು, 3ನೇ ಪೋಸ್ಟ್‌ನ ರೇಖೆಯಲ್ಲಿ ಟ್ರ್ಯಾಪ್‌ನ ಹಿಂದೆ ನಿಂತು ಗೂಟಗಳಿಗೆ ಹೋಲಿಸಿ ನೋಡಬೇಕು. ಗೂಟಗಳನ್ನು ನಂಬುವ ಮೊದಲು ಅವುಗಳನ್ನೂ ಅಳೆಯಬೇಕು. ಮಧ್ಯರೇಖೆಯಲ್ಲಿ 50 ಗಜ ನಡೆದು ಅಲ್ಲಿಂದ ಲಂಬವಾಗಿ ಅಳೆದರೆ 17 ಡಿಗ್ರಿಯ ಗೂಟ 15.3 ಗಜ ದೂರದಲ್ಲಿರಬೇಕು. ಆ 50 ಗಜವನ್ನು ಅಳೆಯಬೇಕಾದದ್ದು ಯಂತ್ರದಿಂದ. ಟ್ರ್ಯಾಪ್ ಹೌಸ್‌ನ ಮುಂಗೋಡೆಯಿಂದಲ್ಲ, 16 ಗಜದ ಗೆರೆಯಿಂದಲಂತೂ ಅಲ್ಲವೇ ಅಲ್ಲ. ಗೂಟವನ್ನು 45 ಗಜದಲ್ಲಿ ನೆಟ್ಟು ಬದಿಗೆ ಮಾತ್ರ 15.3 ಗಜ ಅಳೆದಿದ್ದರೆ ಅದು ತೋರಿಸುವ ಕೋನ ಸುಮಾರು 18.8 ಡಿಗ್ರಿ ಆಗುತ್ತದೆ, ಮತ್ತು ಆ ಗೂಟಕ್ಕೆ ಹೊಂದಿಸಿದ ಯಂತ್ರದ ಬಗ್ಗೆ "ನಮ್ಮಲ್ಲಿ ಟಾರ್ಗೆಟ್ ಯಾಕೋ ಅಗಲ" ಎಂಬ ಗೊಣಗಾಟ ವರ್ಷಗಟ್ಟಲೆ ಮುಂದುವರಿಯುತ್ತದೆ. ಇನ್ನೊಂದು ಮುಖ್ಯ ಎಚ್ಚರಿಕೆ: ಗಮನಿಸಬೇಕಾದದ್ದು ಟಾರ್ಗೆಟ್ ಹೊರಟ ದಿಕ್ಕನ್ನೇ ಹೊರತು ಬಿದ್ದ ಜಾಗವನ್ನಲ್ಲ. ಅಡ್ಡಗಾಳಿ ಇರುವ ದಿನ ಬೀಳುವ ಜಾಗ ಯಂತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೋನ ಸರಿಯಿದ್ದೂ "ಟಾರ್ಗೆಟ್ ಎತ್ತ ಬರುತ್ತದೆಂದು ಮೊದಲೇ ತಿಳಿಯುತ್ತಿದೆ" ಎಂಬ ದೂರು ಬಂದರೆ ಇಂಟರಪ್ಟರ್ ನೋಡಬೇಕು. ತೂಗಾಟದ ಲಯವನ್ನು ಮುರಿದು ದಿಕ್ಕನ್ನು ಊಹಿಸಲಾಗದಂತೆ ಮಾಡುವುದು ಅದರ ಕೆಲಸ, ಮತ್ತು ದಿಕ್ಕು ಮೊದಲೇ ತಿಳಿಯಬಾರದೆಂಬುದು ನಿಯಮದ ಬೇಡಿಕೆಯೇ ಆಗಿದೆ. ಇದು ಕೆಟ್ಟಾಗ ದೂರು ಬರುವುದು ಅಪರೂಪ, ಏಕೆಂದರೆ ಲಯ ಹಿಡಿದವರಿಗೆ ಅದರಿಂದ ಲಾಭವಿರುತ್ತದೆ. ದೂರು ಬರಲಿ ಬಿಡಲಿ, ಪ್ರತಿ ಪಂದ್ಯಕ್ಕೂ ಮುನ್ನ ಇದನ್ನು ಪರೀಕ್ಷಿಸಲೇಬೇಕು.

ಎತ್ತರ ಮತ್ತು ವೇಗದ ದೂರು

ಈ ಎರಡನ್ನೂ ಒಟ್ಟಿಗೆ ನೋಡಬೇಕು, ಏಕೆಂದರೆ ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ವೇಗ ಹೆಚ್ಚಿ, 10 ಗಜದಲ್ಲಿ ಎತ್ತರವೂ ಏರುತ್ತದೆ. ಏರುಕೋನ ತಗ್ಗಿಸಿದರೆ ದೂರವೂ ಬದಲಾಗುತ್ತದೆ. ಮೊದಲು ಯಂತ್ರದ ಮಟ್ಟ, ಆಮೇಲೆ ವೇಗ, ಆಮೇಲೆ ಎತ್ತರ, ಮತ್ತೆ ಒಮ್ಮೆ ವೇಗ, ಕೊನೆಗೆ ಕೋನ ಎಂಬ ಕ್ರಮವನ್ನು ಬಿಟ್ಟರೆ ಒಂದು ದೋಷವನ್ನು ತಿದ್ದುತ್ತಾ ಇನ್ನೊಂದನ್ನು ಹುಟ್ಟುಹಾಕಿದಂತಾಗುತ್ತದೆ. ಏರುಕೋನದಲ್ಲಿ 1 ಡಿಗ್ರಿ ವ್ಯತ್ಯಾಸವಾದರೆ 10 ಗಜ ದೂರದಲ್ಲಿ ಎತ್ತರ ಸುಮಾರು 6 ಅಂಗುಲ ಬದಲಾಗುತ್ತದೆ ಎಂಬ ಲೆಕ್ಕ ಕೈಯಲ್ಲಿದ್ದರೆ ಎಷ್ಟು ತಿರುಗಿಸಬೇಕು ಎಂಬ ಅಂದಾಜು ಸಿಗುತ್ತದೆ.

ಎತ್ತರದ ಅಳತೆ ತಪ್ಪುವುದು ಬಹುತೇಕ ಕಂಬ ನಿಲ್ಲಿಸುವ ಜಾಗದಿಂದ. 10 ಗಜದಲ್ಲಿ ಟಾರ್ಗೆಟ್ ಇನ್ನೂ ಏರುತ್ತಿರುತ್ತದೆ. ಹಾಗಾಗಿ ದೂರವನ್ನು ಯಂತ್ರದ ಬದಲು ಮುಂಗೋಡೆಯಿಂದ ಅಳೆದರೆ ಕಂಬ ಕೆಲವು ಅಡಿ ಮುಂದೆ ಹೋಗಿ, ಇರುವುದಕ್ಕಿಂತ ಹೆಚ್ಚಿನ ಎತ್ತರ ತೋರಿಸುತ್ತದೆ. ಟ್ರ್ಯಾಪ್ ಮುಂದಿನ ನೆಲ ಇಳಿಜಾರಾಗಿದ್ದು ಕಂಬದ ಬುಡ ಆ ಸಮತಲ ರೇಖೆಗಿಂತ ಒಂದು ಅಡಿ ಕೆಳಗಿದ್ದರೆ, ಕಂಬದ 9 ಅಡಿ ಗುರುತಿನಲ್ಲಿ ಹಾದುಹೋಗುವ ಟಾರ್ಗೆಟ್ ನಿಯಮದ ಲೆಕ್ಕದಲ್ಲಿ 8 ಅಡಿಯದು, ಅಂದರೆ ಕೆಳಮಿತಿಯ ಮೇಲೇ ನಿಂತದ್ದು. ದಾರ ಮತ್ತು ಮಟ್ಟಗೋಲಿನಿಂದ ಇದನ್ನು ಒಮ್ಮೆ ಸರಿಯಾಗಿ ಗುರುತಿಸಿ ಕಂಬ ನಿಲ್ಲುವ ಜಾಗಕ್ಕೆ ಶಾಶ್ವತ ಗುರುತು ಹಾಕಿದರೆ ಆ ಮೈದಾನದ ಎತ್ತರದ ಜಗಳಗಳಲ್ಲಿ ಹೆಚ್ಚಿನವು ಮತ್ತೆ ತಲೆಯೆತ್ತುವುದಿಲ್ಲ.

"ಎಡದ್ದು ಎತ್ತರ, ಬಲದ್ದು ತಗ್ಗು" ಎಂಬ ದೂರು ಬಂದರೆ ಯಂತ್ರ ಪಕ್ಕಕ್ಕೆ ವಾಲಿದೆ. 1 ಡಿಗ್ರಿ ವಾಲಿದರೆ 17 ಡಿಗ್ರಿಯ ಟಾರ್ಗೆಟ್‌ನ ಎತ್ತರದಲ್ಲಿ ಆಗುವ ವ್ಯತ್ಯಾಸ 2 ಅಂಗುಲಕ್ಕಿಂತ ಕಡಿಮೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 3 ಡಿಗ್ರಿ ವಾಲಿದರೆ ಎರಡು ಬದಿಗಳ ನಡುವಿನ ಅಂತರ ಸುಮಾರು 11 ಅಂಗುಲವಾಗುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಅಡಿಪಾಯದ ಬೋಲ್ಟ್‌ಗಳು ಸಡಿಲವಾಗಿರುವುದು ಅಥವಾ ನೆಲ ಕುಸಿದಿರುವುದು ಇದಕ್ಕೆ ಸಾಮಾನ್ಯ ಕಾರಣ.

ರಾಡಾರ್ ಗನ್ ವಿವಾದ ಮುಗಿಸುತ್ತದೆಂದು ತಂದವರು ಅದರಿಂದಲೇ ಹೊಸ ವಿವಾದ ಎಬ್ಬಿಸುವುದುಂಟು. ಗನ್ ತನ್ನ ದಿಕ್ಕಿಗೆ ಸಮಾಂತರವಾದ ವೇಗವನ್ನಷ್ಟೇ ಅಳೆಯುತ್ತದೆ. ಮಧ್ಯರೇಖೆಯಲ್ಲಿ ಹಿಡಿದ ಗನ್ ಮುಂದೆ 17 ಡಿಗ್ರಿಯಲ್ಲಿ ಹೋಗುವ 42 ಮೈಲಿ ವೇಗದ ಟಾರ್ಗೆಟ್ ಕೇವಲ 40.2 ಮೈಲಿ ಎಂದು ತೋರುತ್ತದೆ. ಅದನ್ನು ಹಿಡಿದು "ಈ ಕ್ಲಬ್ಬಿನಲ್ಲಿ ನಿಧಾನದ ಟಾರ್ಗೆಟ್ ಹಾಕುತ್ತಾರೆ" ಎಂದು ಆರೋಪಿಸುವುದು ಅನ್ಯಾಯ. ಟಾರ್ಗೆಟ್ ಹೊರಟ ಕ್ಷಣದಿಂದಲೇ ವೇಗ ಕಳೆದುಕೊಳ್ಳುವುದರಿಂದ ಅಳೆಯುವ ಜಾಗವೂ ಮುಖ್ಯ. ತೂಗಾಟ ನಿಲ್ಲಿಸಿ, ನೇರ ಟಾರ್ಗೆಟ್‌ಗಳನ್ನು ಮಾತ್ರ, ಟ್ರ್ಯಾಪ್ ಹೌಸ್‌ನ ಹಿಂದೆ ಅದೇ ಜಾಗದಿಂದ, ಯಂತ್ರ ಕೆಲವು ಹತ್ತು ಟಾರ್ಗೆಟ್ ಎಸೆದು ಬೆಚ್ಚಗಾದ ಮೇಲೆ, ಹಲವು ಬಾರಿ ಅಳೆದು ಎಲ್ಲವನ್ನೂ ಬರೆದಿಡಬೇಕು. ಹಾಗೆ ಬರೆದಾಗ ಸರಾಸರಿಗಿಂತ ಹೆಚ್ಚು ಹೇಳುವುದು ಅಂಕಿಗಳ ಹರಡು: ಸರಾಸರಿ ಸರಿಯಿದ್ದು ಒಂದೊಂದು ಎಸೆತಕ್ಕೂ ವೇಗ ಏರಿಳಿದರೆ ಸ್ಪ್ರಿಂಗ್ ತಿರುಗಿಸಿ ಪ್ರಯೋಜನವಿಲ್ಲ, ದೋಷ ತೋಳಿನಲ್ಲಿದೆ. ಟಾರ್ಗೆಟ್ ತೋಳಿನ ಅಂಚಿನ ರಬ್ಬರಿಗೆ ಒತ್ತಿಕೊಂಡು ಉರುಳುತ್ತಾ ಹೊರಬಿದ್ದಾಗ ಸಿಗುವ ಗಿರಕಿಯೇ ಅದನ್ನು ಗಾಳಿಯಲ್ಲಿ ಸ್ಥಿರವಾಗಿಡುವುದು. ರಬ್ಬರ್ ಸವೆದಿದ್ದರೆ ಅಥವಾ ತೋಳಿನ ಮೇಲೆ ಟಾರ್ಗೆಟ್‌ನ ಕಪ್ಪು ಪುಡಿ ಮತ್ತು ತೇವ ಸೇರಿ ಅಂಟಾಗಿದ್ದರೆ ಗಿರಕಿ ಕಡಿಮೆಯಾಗಿ ಟಾರ್ಗೆಟ್ ನಡುಗುತ್ತದೆ, ಒಂದು ಮುಂದೆ ಬೀಳುತ್ತದೆ, ಇನ್ನೊಂದು ಹಿಂದೆ. ಪಂದ್ಯದ ನಡುವೆ ಬೇರೆ ತಯಾರಿಕೆಯ ಟಾರ್ಗೆಟ್ ಪೆಟ್ಟಿಗೆ ತೆರೆದಿದ್ದಾರೆಯೇ ಎಂದೂ ಕೇಳಬೇಕು. ನಿಯಮ 95 ಗ್ರಾಂ ತೂಕಕ್ಕೆ ಶೇಕಡಾ 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಡುತ್ತದೆ, ಮತ್ತು ಅಷ್ಟು ವ್ಯತ್ಯಾಸ ಹಾರಾಟದಲ್ಲಿ ಕಾಣಬಲ್ಲದು.

ಗಾಳಿಯ ವಿಷಯದಲ್ಲಿ ನನ್ನದು ದೃಢವಾದ ಅಭಿಪ್ರಾಯ. ಎದುರುಗಾಳಿ ಟಾರ್ಗೆಟ್ ಅನ್ನು ಮೇಲೆತ್ತಿ ದೂರ ಕಡಿಮೆ ಮಾಡುತ್ತದೆ, ಹಿಂಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಎರಡೂ ಸಂದರ್ಭಗಳಲ್ಲಿ ಯಂತ್ರ ತಾನು ಮಾಡಬೇಕಾದದ್ದನ್ನೇ ಮಾಡುತ್ತಿರುತ್ತದೆ. ನಿಯಮ ಗಾಳಿಯಿಲ್ಲದ ಸ್ಥಿತಿಯನ್ನು ಆಧಾರವಾಗಿಟ್ಟಿರುವುದು ಇದಕ್ಕಾಗಿಯೇ: ಬೆಳಿಗ್ಗೆ ಶಾಂತವಾದ ಹೊತ್ತಿನಲ್ಲಿ ಹೊಂದಿಸಿದ ಯಂತ್ರವನ್ನು ಮಧ್ಯಾಹ್ನದ ಗಾಳಿಗೆ ತಕ್ಕಂತೆ ತಿರುಗಿಸುತ್ತಾ ಹೋದರೆ, ಗಾಳಿ ನಿಂತ ಕ್ಷಣ ಟಾರ್ಗೆಟ್ ನಿಜವಾಗಿ ಮಿತಿ ದಾಟಿರುತ್ತದೆ. ಗಾಳಿಯ ಹಿಂದೆ ಓಡಬಾರದು.

ಬಿಡುಗಡೆಯ ವಿಳಂಬ

ಕರೆ ಕೊಟ್ಟ ಕೂಡಲೇ ಟಾರ್ಗೆಟ್ ಬರದಿದ್ದರೆ ಶೂಟರ್‌ಗೆ ಅದು ವೇಗ ಅಥವಾ ಕೋನದ ದೋಷವಾಗಿ ಅನುಭವಕ್ಕೆ ಬರುತ್ತದೆ. 42 ಮೈಲಿ ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಟಾರ್ಗೆಟ್ ಸುಮಾರು 6 ಅಡಿ ಮುಂದೆ ಹೋಗಿರುತ್ತದೆ; ಆದ್ದರಿಂದ ವಿಳಂಬ ಒಂದೇ ಸಮನಾಗಿದ್ದರೆ ಒಗ್ಗಿಕೊಳ್ಳಬಹುದು, ಏರುಪೇರಾದರೆ ಯಾರಿಗೂ ಆಗದು. ಧ್ವನಿಯಿಂದ ಬಿಡುಗಡೆಯಾಗುವ ವ್ಯವಸ್ಥೆ ಇರುವಲ್ಲಿ ಮೈಕ್ರೊಫೋನ್‌ನ ಸೂಕ್ಷ್ಮತೆ, ಅದು ಶೂಟರ್ ಬಾಯಿಗೆ ಇರುವ ದೂರ, ತಂತಿಯ ಜೋಡಣೆ, ಬ್ಯಾಟರಿ, ಇಷ್ಟನ್ನು ನೋಡಬೇಕು. ಮೆದು ದನಿಯವರಿಗೆ ಮಾತ್ರ ದೂರಿದ್ದರೆ ಸೂಕ್ಷ್ಮತೆ ಕಡಿಮೆ. ಪಕ್ಕದ ಮೈದಾನದ ಸದ್ದಿಗೆ ಟಾರ್ಗೆಟ್ ಹೊರಬೀಳುತ್ತಿದ್ದರೆ ಸೂಕ್ಷ್ಮತೆ ಹೆಚ್ಚು. ಬೇರೆ ತಕರಾರುಗಳನ್ನು ತನಿಖೆ ಮಾಡುವ ಮೊದಲು ಇದನ್ನು ತಳ್ಳಿಹಾಕಿಕೊಂಡರೆ ಸಮಯ ಉಳಿಯುತ್ತದೆ.

ಸ್ಕೋರ್‌ಗಳಿಂದ ಪತ್ತೆ ಹಚ್ಚುವುದು

ಒಬ್ಬರ ಸ್ಕೋರ್ ಕುಸಿದಾಗ ಅದು ಮೈದಾನದ ಸಾಕ್ಷ್ಯವಾಗುವುದಿಲ್ಲ. ನೂರಕ್ಕೆ 95 ಒಡೆಯುವ ಶೂಟರ್ 25 ಟಾರ್ಗೆಟ್‌ಗಳ ಸುತ್ತಿನಲ್ಲಿ ಸರಾಸರಿ 23.75 ಒಡೆಯುತ್ತಾರೆ, ಅದರಲ್ಲಿ ಒಂದು ಟಾರ್ಗೆಟ್ ಆಚೀಚೆ ಆಗುವುದು ಶುದ್ಧ ಆಕಸ್ಮಿಕ. 22 ಬಂದರೂ ಆಶ್ಚರ್ಯಪಡಬೇಕಿಲ್ಲ. ಆದರೆ ಅದೇ ಮಟ್ಟದ ಶೂಟರ್‌ಗಳ 20 ಸ್ಕ್ವಾಡ್‌ಗಳು ಒಂದು ಮೈದಾನದಲ್ಲಿ ಹಾರಿಸಿದ್ದರೆ ಅಲ್ಲಿ 2,500 ಟಾರ್ಗೆಟ್‌ಗಳ ಲೆಕ್ಕ ಸಿಗುತ್ತದೆ, ಮತ್ತು ಆ ಲೆಕ್ಕದಲ್ಲಿ ಆಕಸ್ಮಿಕದ ಏರಿಳಿತ ಶೇಕಡಾ ಅರ್ಧಕ್ಕಿಂತ ಕಡಿಮೆ. ಅದೇ ಶೂಟರ್‌ಗಳು ಅದೇ ದಿನ ಬೇರೆ ಮೈದಾನಗಳಲ್ಲಿ ಒಡೆದದ್ದಕ್ಕಿಂತ ಇಲ್ಲಿ ಶೇಕಡಾ 2 ಕಡಿಮೆ ಅಥವಾ ಹೆಚ್ಚು ಒಡೆದಿದ್ದರೆ ಆ ಮೈದಾನವನ್ನು ಅಳೆಯಲೇಬೇಕು. ಇಲಿನಾಯ್ ರಾಜ್ಯದ ಸ್ಪಾರ್ಟಾದಲ್ಲಿ 2006ರಿಂದ ಎಟಿಎಯ ವಾರ್ಷಿಕ ಮಹಾಕೂಟವಾದ ಗ್ರ್ಯಾಂಡ್ ಅಮೆರಿಕನ್ ನಡೆಯುವ ಸಂಕೀರ್ಣದಲ್ಲಿ 120 ಟ್ರ್ಯಾಪ್ ಮೈದಾನಗಳು ಒಂದೇ ಸಾಲಿನಲ್ಲಿವೆ. ಅಷ್ಟು ದೊಡ್ಡ ಕೂಟದಲ್ಲಿ ಯಾರಿಗೆ ಯಾವ ಮೈದಾನ ಸಿಗುತ್ತದೆ ಎಂಬುದು ಸರದಿಯ ಮಾತು. ಮೈದಾನಗಳ ನಡುವಿನ ವ್ಯತ್ಯಾಸ ಅಲ್ಲಿ ನೇರವಾಗಿ ಫಲಿತಾಂಶಕ್ಕೆ ಇಳಿಯುತ್ತದೆ.

ಬೇಕೆಂದೇ ಸುಲಭ ಮಾಡಿದ ಟಾರ್ಗೆಟ್‌ಗಳ ಅನುಮಾನವಿದ್ದರೆ ಒಂದೇ ದೋಷವನ್ನು ಹುಡುಕಬಾರದು, ದೋಷಗಳ ಜೋಡಣೆಯನ್ನು ಹುಡುಕಬೇಕು. ಆಕಸ್ಮಿಕ ದೋಷಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಎಲ್ಲ ಮೈದಾನಗಳಲ್ಲೂ ಕೋನ ಕಿರಿದು, ವೇಗ ಕಡಿಮೆ, ಎತ್ತರ ಹಿತಕರ ಎಂದು ಒಂದೇ ಕಡೆಗೆ ವಾಲಿದ್ದರೆ ಮಾತ್ರ ಉದ್ದೇಶದ ಪ್ರಶ್ನೆ ಎತ್ತಲು ಆಧಾರವಿದೆ. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರಿಗೆ ಒಂದು ಮಾತು ಹೇಳಲೇಬೇಕು. ಎಟಿಎಯ ಐದು ವರ್ಗಗಳ ಪದ್ಧತಿಯಲ್ಲಿ 97 ಮತ್ತು ಅದಕ್ಕೂ ಮೇಲಿನ ಸಿಂಗಲ್ಸ್ ಸರಾಸರಿ ಎಎ ವರ್ಗದ್ದು, 94ರಿಂದ 97ರೊಳಗಿನದು ಎ ವರ್ಗದ್ದು. ನೂರಕ್ಕೆ ಎರಡು ಟಾರ್ಗೆಟ್‌ಗಳ ಕೃತಕ ಉಡುಗೊರೆ ಒಬ್ಬ ಶೂಟರ್‌ನನ್ನು ಅವನ ಸಾಮರ್ಥ್ಯ ಮೀರಿದ ವರ್ಗಕ್ಕೆ ಏರಿಸಿಬಿಡುತ್ತದೆ, ಮತ್ತು ಅವನು ನಿಯಮಬದ್ಧ ಟಾರ್ಗೆಟ್ ಇರುವ ಮೈದಾನಕ್ಕೆ ಹೋದಾಗ ಅದರ ಬೆಲೆ ತೆರುತ್ತಾನೆ. ಹ್ಯಾಂಡಿಕ್ಯಾಪ್‌ನಲ್ಲಿ 27 ಗಜದವರೆಗೆ ಹಿಂದೆ ಸರಿಸುವ ಏರ್ಪಾಡು ಕೂಡ ಇದೇ ಲೆಕ್ಕವನ್ನು ನಂಬಿಕೊಂಡಿದೆ.

ನಿಯಮ ಪಾಲನೆಯ ದೋಷಗಳು

ಯಂತ್ರ ಮತ್ತು ಅಳತೆ ಎರಡೂ ಸರಿಯಿದ್ದ ಮೇಲೂ ಉಳಿಯುವ ತಕರಾರು ತೀರ್ಪಿನದು. ಇಲ್ಲಿ ಕಾಲವೇ ಮುಖ್ಯ. ಒಂದು ಟಾರ್ಗೆಟ್‌ನ ತೀರ್ಪಿನ ಬಗ್ಗೆ ಆಕ್ಷೇಪವಿದ್ದರೆ ಅದನ್ನು ತಕ್ಷಣವೇ, ಇನ್ನೊಂದು ಗುಂಡು ಹಾರುವ ಮೊದಲೇ ಎತ್ತಬೇಕು. ಸುತ್ತು ಮುಗಿದ ಮೇಲೆ ನೆನಪಿನಿಂದ ಎತ್ತಿದ ಆಕ್ಷೇಪಕ್ಕೆ ನೆಲೆಯಿಲ್ಲ. ಕಣ್ಣಿಗೆ ಕಾಣುವ ಒಂದು ಚೂರಾದರೂ ಬೇರ್ಪಟ್ಟರೆ ಮಾತ್ರ ಟಾರ್ಗೆಟ್ ಒಡೆದಂತೆ. ಪುಡಿ ಹಾರಿತು, ಚೂರು ಕಾಣಲಿಲ್ಲ ಎಂದರೆ ಅದು ಲಾಸ್ಟ್, ಅಂದರೆ ತಪ್ಪಿದ ಟಾರ್ಗೆಟ್.

ನಿರಾಕರಣೆಯ ವಿಷಯದಲ್ಲಿ ಗೊಂದಲ ಹೆಚ್ಚು. ಮಿತಿಯಿಂದ ಸ್ಪಷ್ಟವಾಗಿ ಹೊರಗಿರುವ ಟಾರ್ಗೆಟ್ ಅನ್ನು ಶೂಟರ್ ನಿರಾಕರಿಸಬಹುದು, ಆದರೆ ಹಾರಿಸದೆ ನಿರಾಕರಿಸಬೇಕು. ಹಾರಿಸಿ ತಪ್ಪಿದ ಮೇಲೆ "ಅದು ನಿಯಮದ್ದಲ್ಲ" ಎನ್ನಲಾಗದು. ಒಡೆದು ಹೊರಬಂದ ಟಾರ್ಗೆಟ್ ಇದಕ್ಕೆ ಅಪವಾದ: ಅದಕ್ಕೆ ಹಾರಿಸಿದರೂ ಬಿಟ್ಟರೂ ಹೊಸ ಟಾರ್ಗೆಟ್ ಕೊಡಬೇಕು. ನಿಯಮಬದ್ಧ ಟಾರ್ಗೆಟ್ ನಿರಾಕರಿಸಿದರೆ ಅದು ಲಾಸ್ಟ್ ಎಂದೇ ದಾಖಲಾಗುತ್ತದೆ. ಒಬ್ಬ ಸ್ಕೋರರ್ ಉದಾರವಾಗಿದ್ದು ಇನ್ನೊಬ್ಬರು ಕಟ್ಟುನಿಟ್ಟಾಗಿದ್ದರೆ ಒಂದೇ ಪಂದ್ಯದಲ್ಲಿ ಎರಡು ನಿಯಮಗಳು ನಡೆದಂತಾಗುತ್ತದೆ. ಹೀಗಾಗಿ ನಿರಾಕರಣೆಗಳನ್ನು ಮೈದಾನವಾರು ಎಣಿಸಿಡುವುದು ಉಪಯುಕ್ತ: ಒಂದು ಮೈದಾನದಲ್ಲಿ ಸ್ಕೋರರ್ ಯಾರೇ ಇದ್ದರೂ ನಿರಾಕರಣೆ ಹೆಚ್ಚಾಗಿದ್ದರೆ ದೋಷ ಯಂತ್ರದ್ದು, ಒಬ್ಬ ಸ್ಕೋರರ್ ಎಲ್ಲಿಗೆ ಹೋದರೂ ನಿರಾಕರಣೆ ಹೆಚ್ಚುತ್ತಿದ್ದರೆ ಆ ಸ್ಕೋರರ್‌ಗೆ ನಿಯಮವನ್ನು ಮತ್ತೊಮ್ಮೆ ವಿವರಿಸಬೇಕಾಗಿದೆ.

ಪಂದ್ಯದ ನಡುವೆ ದೋಷ ಪತ್ತೆಯಾದರೆ ಏನು ಮಾಡಬೇಕು ಎಂಬುದು ಕೊನೆಯ ಪ್ರಶ್ನೆ. ಅಳತೆ ಮಿತಿಯೊಳಗಿದ್ದರೆ, ಶಿಫಾರಸು ಮಾಡಿದ ಅಂಕಿಯಿಂದ ಸರಿದಿದ್ದರೂ ಸ್ಪರ್ಧೆ ಮುಗಿಯುವವರೆಗೆ ಯಂತ್ರವನ್ನು ಮುಟ್ಟಬಾರದು. ಎಂಟೂವರೆ ಅಡಿಯ ಟಾರ್ಗೆಟ್‌ಗೆ ಎಲ್ಲರೂ ಹಾರಿಸಿದರೆ ಯಾರಿಗೂ ಅನ್ಯಾಯವಿಲ್ಲ. ಅರ್ಧ ಸ್ಕ್ವಾಡ್‌ಗಳು ಎಂಟೂವರೆಗೂ ಉಳಿದರ್ಧ ಒಂಬತ್ತಕ್ಕೂ ಹಾರಿಸಿದರೆ ಎಲ್ಲರಿಗೂ ಅನ್ಯಾಯ. ಅಳತೆ ಮಿತಿಯ ಹೊರಗಿದ್ದರೆ ತಿದ್ದಲೇಬೇಕು. ತಿದ್ದುವ ಮೊದಲಿನ ಅಳತೆ, ನಂತರದ ಅಳತೆ, ಸಮಯ, ಆಗ ಮೈದಾನದಲ್ಲಿದ್ದ ಸ್ಕ್ವಾಡ್‌ನ ಸಂಖ್ಯೆ, ಅಳೆದವರು ಮತ್ತು ಸಾಕ್ಷಿಯಾದವರ ಸಹಿ ಒಂದೇ ಹಾಳೆಯಲ್ಲಿರಬೇಕು, ಮತ್ತು ಅಳೆದವರಲ್ಲಿ ಒಬ್ಬರಾದರೂ ಆ ಸ್ಪರ್ಧೆಯಲ್ಲಿ ಭಾಗವಹಿಸದವರಾಗಿರಬೇಕು. ಆಗಲೇ ಹಾರಿಸಿದವರ ಸ್ಕೋರ್‌ಗಳ ಗತಿಯೇನು ಎಂಬುದನ್ನು ತೀರ್ಮಾನಿಸುವ ಅಧಿಕಾರ ಯಂತ್ರ ಹೊಂದಿಸಿದವರಿಗೂ ಇಲ್ಲ, ದೂರು ಕೊಟ್ಟ ಸ್ಕ್ವಾಡ್‌ಗೂ ಇಲ್ಲ. ಅದು ನಿಯಮ ಪುಸ್ತಕ ಎದುರಿಗಿಟ್ಟುಕೊಂಡು ಪಂದ್ಯದ ಆಡಳಿತ ನಿರ್ಧರಿಸಬೇಕಾದ ವಿಷಯ, ಮತ್ತು ಆ ಹಾಳೆಯನ್ನು ಅವರ ಕೈಗೆ ಕೊಡುವಲ್ಲಿಗೆ ದೋಷ ಪತ್ತೆ ಮಾಡುವವರ ಕೆಲಸ ಮುಗಿಯುತ್ತದೆ.